ತಲ್ಲಿಮಡು ಕಾದವರು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಒಂದು ಸರ್ಕಾರಿ ಕಾಗದದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದೆ. ನನ್ನ ಕೈಯಿಂದ ಆ ಹೆಸರಿಗೆ ಆದದ್ದು ಅಷ್ಟಕ್ಕೇ ಸಾಕು. ಅವರ ಊರಿನ ಹೆಸರನ್ನೂ ಬಿಡುತ್ತೇನೆ, ಏಕೆಂದು ಕೊನೆಗೆ ತಿಳಿದೀತು. ಮೊಳಕಾಲ್ಮೂರಿನಿಂದ ರಾಂಪುರದ ದಾರಿ ಹಿಡಿದು ಹೋಗಿ, ಬಳ್ಳಾರಿಯ ರಸ್ತೆ ಬಿಟ್ಟು ಕಲ್ಲುಗುಡ್ಡಗಳ ಕಡೆ ತಿರುಗಿದರೆ ಸಿಗುವ ಹಳ್ಳಿಗಳಲ್ಲಿ ಅದೂ ಒಂದು. ಊರ ಮುಂದೆ ಒಂದು ಕೆರೆ, ಕೆರೆಯ ಏರಿಯ ಮೇಲೆ ಬೇವಿನ ಮರ, ಏರಿಯ ಕೆಳಗೆ ಬೆಸ್ತರ ಕೇರಿ.

ಅವರು ತೀರಿಕೊಂಡರೆಂದು ಚಳ್ಳಕೆರೆಗೆ ಕಂಬಳಿ ಮಾರಲು ಬಂದ ಆ ಕಡೆಯವನೊಬ್ಬ ಹೇಳಿದ. ಸುದ್ದಿ ಕೇಳಿ ನಾನು ಊಟ ಬಿಡಲಿಲ್ಲ, ಕಣ್ಣೀರೂ ಬರಲಿಲ್ಲ. ನಾಚಿಕೆಯಾಯಿತು. ಮೂವತ್ತು ವರ್ಷಗಳಿಂದ ನನ್ನೊಳಗೆ ಕೂತಿದ್ದ ನಾಚಿಕೆ ಅದು. ನಿವೃತ್ತಿಯ ನಂತರ ಇನ್ನೂ ಕೊಬ್ಬಿತ್ತು, ಏಕೆಂದರೆ ಅದಕ್ಕೆ ಮೇವು ಹಾಕಲು ನನಗೀಗ ಬೇಕಾದಷ್ಟು ಹೊತ್ತಿದೆ.

ಇಲ್ಲಿ ಅವರು, ಇವರು ಎಂದು ಮರ್ಯಾದೆಯಿಂದ ಬರೆಯುತ್ತಿದ್ದೇನೆ. ಆಗ ಹಾಗಿರಲಿಲ್ಲ. ನನ್ನ ತಂದೆಗಿಂತ ಹಿರಿಯರಾದ ಅವರನ್ನು ನಾನು ‘ಏನೋ, ಬಾರೋ’ ಎಂದೇ ಮಾತಾಡಿಸುತ್ತಿದ್ದೆ. ಅವರು ನನ್ನನ್ನು ‘ಸ್ವಾಮಿ’ ಎನ್ನುತ್ತಿದ್ದರು. ಇಬ್ಬರಿಗೂ ಅದು ಸಹಜವಾಗಿಯೇ ಕಂಡಿತ್ತು.

ಆಗ ನಾನು ಆ ಹೋಬಳಿಯ ಶೇಕ್‌ದಾರ. ಇಪ್ಪತ್ತಾರರ ಪ್ರಾಯ. ತಲೆಯ ಮೇಲೆ ಜರಿಯಂಚಿನ ರುಮಾಲು, ಸವಾರಿಗೆ ಒಂದು ತಟ್ಟುಕುದುರೆ, ಹಿಂದೆ ಓಡಿಬರಲು ಒಬ್ಬ ಜವಾನ. ಹೋಬಳಿಯ ಕೆರೆ, ಕಾಲುವೆ, ಹುಲ್ಲುಗಾವಲು ಎಲ್ಲದರ ವಿಚಾರಣೆಯೂ ನನ್ನದು. ಕೆರೆಯೆಂದರೆ ನನಗೆ ನೀರು, ನೀರೆಂದರೆ ಗದ್ದೆ. ಅದರೊಳಗೆ ಮೀನು ಎಂಬ ಜೀವವೊಂದು ಇದೆ ಎಂಬುದು ನನ್ನ ತಲೆಯೊಳಗೆ ಹೊಕ್ಕೇ ಇರಲಿಲ್ಲ. ನಮ್ಮದು ಚಳ್ಳಕೆರೆಯ ಲಿಂಗವಂತರ ಮನೆ, ಎಣ್ಣೆಯ ವ್ಯಾಪಾರ. ಬೀದಿಯಲ್ಲಿ ಮೀನಿನ ಬುಟ್ಟಿ ಹೋದರೆ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲು ಹಾಕುತ್ತಿದ್ದಳು. ಆ ಬಾಗಿಲ ಹಿಂದೆ ಬೆಳೆದವನು ನಾನು. ತಿಳಿಯದಿದ್ದರೆ ಕೇಳಬಹುದಿತ್ತು. ಕೇಳಿದರೆ ಶೇಕ್‌ದಾರನಿಗೆ ತಿಳಿಯದು ಎಂದು ಊರಿಗೆಲ್ಲ ತಿಳಿಯುತ್ತದಲ್ಲ, ಅದಕ್ಕೇ ಕೇಳಲಿಲ್ಲ.

ಅವರನ್ನು ಮೊದಲು ನೋಡಿದ್ದು ಆ ಬೇವಿನ ಮರದ ಕೆಳಗೆ. ಮಳೆಗಾಲ ಮುಗಿದು ಕೆರೆ ತುಂಬಿತ್ತು. ಬೆಸ್ತರ ಕೇರಿಯ ಗಂಡಸರೆಲ್ಲ ತಂತಮ್ಮ ಬಲೆಗಳನ್ನು ಹೆಗಲ ಮೇಲೆ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಮರದ ಬುಡದಲ್ಲಿ ಒಣಕಲು ಮೈಯ ಒಬ್ಬ ಮುದುಕರು ಕೂತಿದ್ದರು. ಮೊಣಕಾಲಿನವರೆಗೆ ಪಂಚೆ, ತಲೆಗೆ ಒಂದು ಮಾಸಿದ ಬಟ್ಟೆ. ಒಬ್ಬೊಬ್ಬರೂ ಬಲೆ ತಂದು ಅವರ ಮುಂದೆ ಹರಡುತ್ತಿದ್ದರು. ಅವರು ಬಲಗೈಯ ನಡುವಿನ ಮೂರು ಬೆರಳು ಜೋಡಿಸಿ ಬಲೆಯ ಕಣ್ಣಿಗೆ ತೂರಿಸುತ್ತಿದ್ದರು. ಬೆರಳು ಸಲೀಸಾಗಿ ಹೋದರೆ ‘ನಡಿ’ ಎನ್ನುವರು. ಹೋಗದಿದ್ದರೆ ಬೈಯುತ್ತಿರಲಿಲ್ಲ, ಬಲೆಯನ್ನು ತೆಗೆದು ಮರದ ಕೊಂಬೆಗೆ ಹಾಕುತ್ತಿದ್ದರು. ಕೊಂಬೆ ಏರಿದ ಬಲೆ ಆ ವರ್ಷ ನೀರಿಗೆ ಇಳಿಯುವಂತಿಲ್ಲ.

ಆ ದಿನ ಕೊಂಬೆಗೆ ಹೋದದ್ದು ಒಂದೇ ಬಲೆ, ಅದೂ ಅವರ ಅಳಿಯನದು. ಅಳಿಯ ಮುಖ ಊದಿಸಿಕೊಂಡು ನಿಂತಿದ್ದ.

“ಮಾವ, ನಿಮ್ಮ ಬೆರಳು ವರ್ಷ ವರ್ಷ ದಪ್ಪ ಆಗ್ತಾವೆ ಕಣ್ರಿ” ಅಂದ.

ಎಲ್ಲರೂ ನಕ್ಕರು. ಅವರೂ ನಕ್ಕರು. “ನಿನ್ನ ಮನೆ ಮುದ್ದೆ ಉಂಡೇನಪ್ಪ ದಪ್ಪ ಆಗೋದು? ನಿನ್ನ ಹೆಂಡ್ತಿ ನನ್ನ ಮಗಳೇ. ಅವಳು ಸಾಯಂಕಾಲ ಬಂದು ನಮ್ಮನೇಲಿ ಮೀನು ಇಸ್ಕಂಡು ಹೋಗ್ಲಿ. ಬಲೆ ಮಾತ್ರ ಅಲ್ಲೇ ಇರ್ಲಿ” ಅಂದರು.

ಇದು ಯಾವ ಕಾನೂನು ಎಂದು ನಾನು ಗತ್ತಿನಿಂದ ಕೇಳಿದೆ. ಅವರು ಎದ್ದು ನಿಂತು ಕೈಮುಗಿದರು.

“ಕಾನೂನು ಅಲ್ಲ ಸ್ವಾಮಿ. ಮೂರು ಬೆರಳಿನ ಕಣ್ಣಾಗೆ ನುಸುಳಿ ಹೋಗೋ ಅಂಥ ಮೀನು ಇನ್ನೂ ಒಂದು ಸಲಾನೂ ಮರಿ ಹಾಕಿರಲ್ಲ. ಅದು ಒಂದ್ಸಲ ಆದ್ರೂ ಮರಿ ಹಾಕ್ಲಿ ಅಂತ ಬಿಡೋದು.”

ನಾನು ಏರಿಯಲ್ಲಿ ಒಂದು ಕಡೆ ಮಣ್ಣು ಕುಸಿದಿದೆ ಎಂದು ಪಟೇಲನನ್ನು ಗದರಿಸಿದೆ.

ಅವರಿಗೆ ಸರ್ಕಾರದ ಯಾವ ಹುದ್ದೆಯೂ ಇರಲಿಲ್ಲ. ಅವರಪ್ಪ ಅಲ್ಲಿ ಕೂರುತ್ತಿದ್ದರಂತೆ, ಅದಕ್ಕೆ ಇವರು ಕೂತಿದ್ದರು. ಮಾತು ಕಡಿಮೆ. ಕೋಪವಾಗಲಿ ಮಮತೆಯಾಗಲಿ ಹೆಚ್ಚಾದರೆ ತೆಲುಗು ಬರುತ್ತಿತ್ತು, ಆ ಸೀಮೆಯ ಎಷ್ಟೋ ಜನರಿಗೆ ಹಾಗೆಯೇ. ನೀರುಕಾಗೆಗಳೊಂದಿಗೆ ಮಾತ್ರ ಅವರದು ದಿನವೂ ಜಗಳ. ಮೀನು ಹಿಡಿದು ರೆಕ್ಕೆ ಒಣಗಿಸುತ್ತಾ ಕೂತ ಹಕ್ಕಿಗಳಿಗೆ “ಹೊಟ್ಟೆ ತುಂಬ್ತಲ್ಲ, ಇನ್ನ ಎದ್ದು ಹೋಗ್ರಿ” ಎಂದು ಬಂದ ನೆಂಟರಿಗೆ ಹೇಳುವ ದನಿಯಲ್ಲೇ ಹೇಳುತ್ತಿದ್ದರು. ಹೊಸ ಮಳೆಯ ನೀರು ಹಳ್ಳದಲ್ಲಿ ಬಂದಾಗ ಮೀನುಗಳು ಅದಕ್ಕೆ ಎದುರಾಗಿ ಏರುತ್ತವೆ, ಮೊಟ್ಟೆಯಿಡಲು. ಆಗ ಹಳ್ಳಕ್ಕೆ ಬುಟ್ಟಿ ಒಡ್ಡಿದರೆ ಹಿಡಿಯುವುದು ಬಲು ಸುಲಭ. ಆ ನಾಲ್ಕೈದು ದಿನ ಅವರು ಕಂಬಳಿ ಕೊಪ್ಪೆ ಹಾಕಿಕೊಂಡು ಹಳ್ಳದ ದಂಡೆಯಲ್ಲೇ ಇರುತ್ತಿದ್ದರು. ಬುಟ್ಟಿ ಹಿಡಿದು ಬಂದವರನ್ನು ಕೂರಿಸಿಕೊಂಡು, ಎಲೆಅಡಿಕೆ ಕೊಟ್ಟು, ಮಳೆ ಬೆಳೆ ವಿಚಾರಿಸಿ, ಬರಿ ಬುಟ್ಟಿಯಲ್ಲೇ ಸಾಗಹಾಕುತ್ತಿದ್ದರು.

ಒಂದು ಸಲ ನನ್ನನ್ನು ಕೆರೆಯ ಅಂಚಿಗೆ ಕರೆದುಕೊಂಡು ಹೋದರು. “ಸ್ವಾಮಿ, ಒಂದು ತೋರಿಸ್ತೀನಿ, ರುಮಾಲು ತೆಗೀರಿ, ನೆರಳು ಬೀಳ್ತದೆ” ಅಂದರು. ನನ್ನ ರುಮಾಲು ತೆಗೆಸಿದ್ದಕ್ಕೇ ನನಗೆ ಅರ್ಧ ಸಿಟ್ಟು. ಬಗ್ಗಿ ನೋಡಿದರೆ ಜೊಂಡಿನ ನಡುವೆ ನೀರಿನ ಮೇಲೆ ಕೆಂಪಗೆ ಏನೋ ಕುದಿಯುತ್ತಿತ್ತು. ಕೂದಲೆಳೆಯಷ್ಟು ಸಣ್ಣ ಮರಿಗಳ ಗುಂಪು. ಅದರ ಕೆಳಗೆ ಮೊಳದುದ್ದದ ಒಂದು ಕಪ್ಪು ಮೀನು ಅಲುಗಾಡದೆ ನಿಂತಿತ್ತು.

“ಕೊರ್ರಮೀನು. ಅಪ್ಪ ಅದು. ಮರಿ ಕಾಯ್ತಾ ಐತೆ. ಈಗ ಗಾಳ ಹಾಕಿದ್ರೆ ಲಬಕ್ಕನೆ ಕಚ್ತದೆ, ಹಸಿವಿಗಲ್ಲ, ಮರಿಗೆ ಏನೋ ಬಂತು ಅಂತ. ಇಂಥ ಹೊತ್ತಲ್ಲಿ ಹಿಡಿಯೋನು ಗಂಡಸೇನ್ರಿ?”

ನನಗೆ ಒಂದು ಗಳಿಗೆ ಮೈ ಜುಮ್ಮೆಂದಿತು. ಅದನ್ನು ಅಲ್ಲೇ ಅವರಿಗೆ ಹೇಳಿದ್ದರೆ ನಮ್ಮಿಬ್ಬರ ನಡುವೆ ಏನಾದರೂ ಬೆಳೆಯುತ್ತಿತ್ತೇನೋ. ನಾನು ರುಮಾಲು ಸುತ್ತಿಕೊಂಡು, ಅಂಗಿಗೆ ಮೀನಿನ ವಾಸನೆ ಹತ್ತಿದೆಯೇ ಎಂದು ಮೂಸಿ ನೋಡಿಕೊಂಡೆ. ಅವರು ಅದನ್ನೂ ನೋಡಿದರು.

ಆ ಕೆರೆಯ ಜೀವವೆಲ್ಲ ಇದ್ದದ್ದು ತೂಬಿನ ಹತ್ತಿರದ ಒಂದು ಆಳವಾದ ಗುಂಡಿಯಲ್ಲಿ. ಬೇಸಿಗೆಯಲ್ಲಿ ಕೆರೆಯೆಲ್ಲ ಒಣಗಿ ಬಿರುಕು ಬಿಟ್ಟರೂ ಅಲ್ಲಿ ಆಳೆತ್ತರ ನೀರು ನಿಲ್ಲುತ್ತಿತ್ತು. ಅದಕ್ಕೆ ತಲ್ಲಿಮಡು ಎಂದು ಹೆಸರು. ತಲ್ಲಿ ಅಂದರೆ ತೆಲುಗಿನಲ್ಲಿ ತಾಯಿ. ನೀರು ಇಳಿಯುತ್ತಾ ಬಂದಾಗ ಒಂದು ದಿನ ಗೊತ್ತು ಮಾಡಿ ಊರೆಲ್ಲ ಕೆರೆಗೆ ಇಳಿದು ಮೀನು ಹಿಡಿಯುವುದು ರೂಢಿ. ಹಿಡಿದದ್ದರಲ್ಲಿ ಕೆರೆಗೆ ಇಳಿಯಲಾಗದ ಮುದುಕಿಯರಿಗೆ, ಬಾಣಂತಿಯರಿಗೆ, ಗಂಡಸರಿಲ್ಲದ ಮನೆಗಳಿಗೆ ಮೊದಲು ಪಾಲು. ಉಳಿದದ್ದನ್ನು ಉಪ್ಪು ಹಚ್ಚಿ ಒಣಗಿಸಿ ಮಡಕೆಯಲ್ಲಿ ತುಂಬಿಟ್ಟರೆ ಮುಂದಿನ ನಾಲ್ಕು ತಿಂಗಳು ಮುದ್ದೆಗೆ ಅದೇ ಸಾರು. ಆದರೆ ತಲ್ಲಿಮಡುವಿಗೆ ಯಾರೂ ಬಲೆ ಹಾಕುವಂತಿಲ್ಲ. ದೊಡ್ಡ ಮೀನುಗಳೆಲ್ಲ ಅಲ್ಲಿ ಸೇರಿ ಬೇಸಿಗೆ ಕಳೆದು, ಮಳೆ ಬಂದ ಕೂಡಲೆ ಹೊರಬಿದ್ದು ಕೆರೆಯನ್ನು ಮತ್ತೆ ತುಂಬುತ್ತಿದ್ದವು.

“ಕೆರೆ ತುಂಬಿದಾಗ ಎಷ್ಟು ಹಿಡಿದ್ವಿ ಅನ್ನೋದು ಲೆಕ್ಕಕ್ಕಿಲ್ಲ ಸ್ವಾಮಿ. ಬತ್ತಿದಾಗ ಏನು ಉಳಿಸಿದ್ವಿ, ಅಷ್ಟೇ ನಮ್ಮದು” ಎಂದು ಅವರು ಯಾವಾಗಲೋ ಹೇಳಿದ್ದರು. ನಾನು ಆಗ ಆಕಳಿಸಿದ್ದು ನೆನಪಿದೆ.

ಇಷ್ಟು ಬರೆದ ಮೇಲೆ ನನ್ನ ಕೆಲಸಕ್ಕೆ ಬರಲೇಬೇಕು.

ಎರಡನೆಯ ವರ್ಷದ ಬೇಸಿಗೆ. ಜಿಲ್ಲೆಯ ದೊಡ್ಡ ಸಾಹೇಬರು ಜಮಾಬಂದಿಗೆಂದು, ಕಂದಾಯದ ಲೆಕ್ಕ ನೋಡಲು, ನಮ್ಮ ಹೋಬಳಿಗೆ ಬಂದು ಡೇರೆ ಹಾಕಿದರು. ಜೊತೆಗೆ ಬಳ್ಳಾರಿ ಕಡೆಯಿಂದ ಅವರ ಸ್ನೇಹಿತರಾದ ಇಬ್ಬರು ಬಿಳಿಯ ದೊರೆಗಳು. ಹಾಲು, ಮೊಟ್ಟೆ, ಕೋಳಿ, ಸೌದೆ, ಕುದುರೆಗೆ ಹುಲ್ಲು ಎಲ್ಲ ಹೊಂದಿಸಿ ನಾನು ಹಿಗ್ಗಿನಲ್ಲಿದ್ದೆ. ಬೆಳಿಗ್ಗೆ ಡೇರೆಯ ಬಟ್ಲರ್ ಬಂದು, “ದೊರೆಗಳಿಗೆ ಸಾಯಂಕಾಲದ ಊಟಕ್ಕೆ ಮೀನು ಆಗಬೇಕು, ದೊಡ್ಡ ಮೀನು” ಅಂದ. ಇಲ್ಲಿ ಕೆರೆ ಇದೆ, ಮೀನಿಗೇನು ಬರ ಎಂದು ನಾನು ಎಲ್ಲರ ಎದುರಿಗೆ ಮಾತು ಕೊಟ್ಟುಬಿಟ್ಟೆ.

ಊರಿನವರು ಹತ್ತು ದಿನದ ಹಿಂದೆಯೇ ಕೆರೆ ಇಳಿದು ಮೀನು ಹಿಡಿದಾಗಿತ್ತು. ಉಳಿದದ್ದು ತಲ್ಲಿಮಡು ಒಂದೇ. ಅವರನ್ನು ಕರೆಸಿ ವಿಷಯ ಹೇಳಿದೆ.

“ನಾಳೆ ಮಧ್ಯಾಹ್ನಕ್ಕೆ ಕೊಡ್ತೀನಿ ಸ್ವಾಮಿ. ಹಗರಿ ಹೊಳೆ ಗುಂಡಿನಾಗೆ ಅವೆ, ನಾನೇ ಹೋಗಿ ಹಿಡ್ಕಂಡು ಬರ್ತೀನಿ” ಅಂದರು.

“ಇವತ್ತೇ ಬೇಕು. ಮಡುವಿನಲ್ಲಿ ಇಲ್ಲವೇನೋ?”

“ಐತೆ. ಅದು ಹಿಡಿಯೋ ಮೀನಲ್ಲ.”

“ಮೀನಿನಲ್ಲಿ ಹಿಡಿಯೋದು ಹಿಡೀದೇ ಇರೋದು ಅಂತ ಬೇರೆ ಇದೆಯೇನೋ? ಎಲ್ಲ ಮೀನೂ ಒಂದೇ.”

ಈ ಮಾತು ಹೇಳಿದವನು ಹುಟ್ಟಿದಾರಭ್ಯ ಒಂದು ಮೀನನ್ನೂ ಮುಟ್ಟದವನು. ಬೆಸ್ತರ ಕೇರಿಯ ಮುಂದೆಯೇ ನಿಂತು ಹೇಳಿದೆ. ಯಾರೂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಅವರು ತಲೆ ತಗ್ಗಿಸಿ, “ಎಲ್ಲ ಬಸುರಿ ಅವೆ ಸ್ವಾಮಿ. ಮಳೆಗೆ ಇನ್ನೊಂದು ತಿಂಗಳೂ ಇಲ್ಲ. ಕೈಮುಗಿದು ಕೇಳ್ತೀನಿ, ಒಂದು ದಿನ ತಡೀರಿ” ಅಂದರು.

ಒಂದು ದಿನ ತಡೆದಿದ್ದರೆ ದೊರೆಗಳು ನನ್ನನ್ನು ನುಂಗುತ್ತಿರಲಿಲ್ಲ. ಕೊಟ್ಟ ಮಾತಿಗಿಂತ, ಬಲೆ ಹಿಡಿಯುವ ಮುದುಕನೊಬ್ಬ ಹತ್ತು ಜನರ ಎದುರಿಗೆ ನನಗೆ ಆಗದು ಅಂದನಲ್ಲ, ಅದು ಚುಚ್ಚಿತು. ಕೇರಿಯವರು ಯಾರೂ ಮಡುವಿಗೆ ಇಳಿಯಲು ಒಪ್ಪಲಿಲ್ಲ. ಜವಾನನನ್ನು ಪಕ್ಕದ ಊರಿಗೆ ಓಡಿಸಿ, ಇಬ್ಬದಿಯಿಂದ ಎಳೆಯುವ ದೊಡ್ಡ ಬಲೆಯವರನ್ನು ಕರೆಸಿದೆ. ಅದರ ಕಣ್ಣಿಗೆ ಒಂದು ಬೆರಳೂ ತೂರುತ್ತಿರಲಿಲ್ಲ.

ಬಲೆ ಬಿಚ್ಚುವಾಗ ಅವರು ಹೋಗಿ ಮಡುವಿನೊಳಗೆ ಎದೆಮಟ್ಟ ನೀರಿನಲ್ಲಿ ನಿಂತುಬಿಟ್ಟರು. ಬೈಯಲಿಲ್ಲ, ಕೂಗಲಿಲ್ಲ, ಸುಮ್ಮನೆ ನಿಂತರು. ನಾನು ಊರ ಕಾವಲಿನ ತಳವಾರನಿಗೆ ಎಳೆದು ತಾ ಅಂದೆ. ಅವನು ಅಳುಮುಖ ಮಾಡಿಕೊಂಡು ಇಳಿದು, “ಬಾ ಯಜಮಾನ, ನನ್ನ ಹೊಟ್ಟೆ ಮ್ಯಾಲೆ ಹೊಡೀಬ್ಯಾಡ” ಎಂದು ತೋಳು ಹಿಡಿದು ಕರೆತಂದ. ದಡಕ್ಕೆ ಬಂದವರು ತಿರುಗಿ ಮಡುವಿನ ಕಡೆ ನಿಂತು, ಬೊಗಸೆ ನೀರು ಎತ್ತಿ, ತುಟಿ ಅಲುಗಿಸಿ, ನೀರನ್ನು ಮತ್ತೆ ಮಡುವಿಗೇ ಬಿಟ್ಟರು. ಊರಿನ ಜನ ದೂರದ ಏರಿಯ ಮೇಲಿಂದ ನೋಡುತ್ತಿದ್ದರು. ಬಲೆಯವರೂ ಜವಾನನೂ ಮಡುವಿನ ಆಚೆ ದಡದಲ್ಲಿದ್ದರು. ಹತ್ತಿರದಲ್ಲಿ ಇದ್ದವರು ತಳವಾರ ಮತ್ತು ನಾನು, ಇಬ್ಬರೇ. ಅವರು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

“ತಪ್ಪಾತು ತಲ್ಲೀ. ಹೊಟ್ಟೆಗೆ ಹಾಕ್ಕೋ.”

ನನ್ನ ತಪ್ಪಿಗೆ ಅವರು ಕ್ಷಮೆ ಕೇಳಿದರು.

ಬಲೆ ಎಳೆದಾಗ ಬಂದ ಮೀನಿನ ರಾಶಿ ನೋಡಿ ನನಗೇ ಗಾಬರಿಯಾಯಿತು. ಎಷ್ಟು ಬೇಕು, ಎಷ್ಟು ಬಿಡಬೇಕು ಎಂದು ಬಲೆಯವರು ಕೇಳಿದರು. ನನಗೆ ಗೊತ್ತಿರಲಿಲ್ಲ, ಎಲ್ಲ ತೆಗೆಯಿರಿ ಅಂದೆ. ಡೇರೆಯ ಬಟ್ಲರ್ ಆರು ಆರಿಸಿಕೊಂಡ. ಹೊಟ್ಟೆ ಸೀಳಿದಾಗ ಪ್ರತಿಯೊಂದರಲ್ಲೂ ಅಂಗೈ ತುಂಬ ಹಳದಿ ಮೊಟ್ಟೆ. ಉಳಿದದ್ದನ್ನು ಹೊರಗಿನ ಬಲೆಯವರು ಹೊತ್ತಷ್ಟು ಹೊತ್ತರು. ಬೆಸ್ತರ ಕೇರಿಯ ಒಬ್ಬ ಹೆಂಗಸೂ ಒಂದು ಮೀನನ್ನೂ ಮುಟ್ಟಲಿಲ್ಲ. ಮಿಕ್ಕದ್ದು ಬಿಸಿಲಿಗೆ ನಾರಲು ಶುರುವಾದ ಮೇಲೆ ಗುಂಡಿ ತೆಗೆಸಿ ಹೂಳಿಸಿದೆ. ಬಳ್ಳಾರಿಯ ದೊರೆಗಳಿಗೆ ಬಿಸಿಲಿನಿಂದ ಹೊಟ್ಟೆ ಕೆಟ್ಟು, ಆ ಸಾಯಂಕಾಲ ಗಂಜಿ ಕುಡಿದು ಮಲಗಿದರಂತೆ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೂ ನಾನು ಬರೀ ಮೂರ್ಖನಾಗಿರುತ್ತಿದ್ದೆ. ಮಾರನೆಯ ದಿನ ಕೂತು ವರದಿ ಬರೆದೆ. ಇಂಥವನು ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದನು, ಕೆರೆಯ ಮೇಲೆ ಇಲ್ಲದ ಯಜಮಾನಿಕೆ ನಡೆಸುತ್ತಾನೆ, ಇವನು ಬಲೆಯೊಂದಿಗೆ ಕೆರೆಗೆ ಇಳಿಯದಂತೆ ಹುಕುಂ ಆಗಬೇಕು. ಹುಕುಂ ಆಯಿತು. ನನ್ನ ಕಟ್ಟುನಿಟ್ಟಿಗೆ ಮೇಲಿನವರಿಂದ ಶಹಭಾಸ್ ಕೂಡ ಬಂತು. ಹುಕುಂ ಓದಿ ಹೇಳಿದಾಗ ಅವರು, “ಆತು ಸ್ವಾಮಿ” ಎಂದಷ್ಟೇ ಹೇಳಿ ಮನೆಗೆ ಹೋದರು.

ಆ ವರ್ಷ ಮಳೆ ಚೆನ್ನಾಯಿತು, ಕೆರೆ ಕೋಡಿ ಬಿತ್ತು. ಬಲೆ ಹಾಕಿದರೆ ಜೊಂಡು, ಕಪ್ಪೆ, ಕಿರುಬೆರಳಿನಷ್ಟು ಪುಡಿಮೀನು. ಬೇಸಿಗೆಗೆ ಊರೆಲ್ಲ ಕೆರೆಗೆ ಇಳಿದಾಗ ಕೆಸರು ಮೆತ್ತಿಕೊಂಡದ್ದೇ ಬಂತು. ಮುದುಕಿಯರು ಬರಿ ತಟ್ಟೆ ಹಿಡಿದು ಏರಿಯ ಮೇಲೆ ಕೂತಿದ್ದು, ಹಾಗೇ ಎದ್ದು ಹೋದರು. ಮುದ್ದೆಗೆ ಸಾರಿಲ್ಲದೆ ಹುಣಸೆಹಣ್ಣು ಕಿವುಚಿಕೊಂಡು ಉಂಡರು. ಊರಿಗೆ ಒಂದು ಕಾರಣ ಬೇಕಿತ್ತು. ಬೊಗಸೆ ನೀರು ಎತ್ತಿ ಏನೋ ಅಂದದ್ದನ್ನು ಎಲ್ಲರೂ ನೋಡಿದ್ದರಲ್ಲ. ಮುದುಕ ಕೆರೆಗೆ ಶಾಪ ಹಾಕಿದ ಎಂದು ಮಾತು ಹಬ್ಬಿತು.

ಅವರ ಮನೆಯ ಕಡೆ ಕೇರಿಯವರು ನಡೆದಾಡುವುದನ್ನು ಬಿಟ್ಟರು. ಮೊಮ್ಮಗಳ ಮದುವೆಗೆ ಚಪ್ಪರ ಹಾಕಿ ಅಡಿಗೆ ಮಾಡಿಸಿದರೆ ಊರಿನ ಒಬ್ಬರೂ ಎಲೆಯ ಮುಂದೆ ಕೂರಲಿಲ್ಲ. ಇದನ್ನು ಪಟೇಲ ನನಗೆ ಹೇಳಿ, “ನೀವೂ ಅಲ್ಲೇ ಇದ್ರಲ್ಲ ಸ್ವಾಮಿ, ಅವನು ಶಾಪ ಹಾಕಿದ್ದು ಖರೇನಾ?” ಎಂದು ಕೇಳಿದ. ಇಲ್ಲ, ಅವರು ತಾಯಿಯ ಹತ್ತಿರ ತಪ್ಪೊಪ್ಪಿಕೊಂಡರು, ಕೆರೆ ಬರಿದಾದದ್ದು ನನ್ನಿಂದ, ಎಂದು ಹೇಳಲು ಎಷ್ಟು ಹೊತ್ತು ಬೇಕು? ಚಾವಡಿಯಲ್ಲಿ ಹತ್ತು ಜನ ಇದ್ದರು. ತಳವಾರ ನನ್ನ ಮುಖವನ್ನೇ ನೋಡುತ್ತಿದ್ದ.

“ನನಗೆ ಸರಿಯಾಗಿ ಕೇಳಿಸಲಿಲ್ಲ” ಅಂದೆ.

ನಾನು ನನ್ನ ಜೀವನದಲ್ಲಿ ಹೇಳಿದ ಸುಳ್ಳುಗಳಲ್ಲಿ ಇದು ದೊಡ್ಡದು. ತಳವಾರ ಕಣ್ಣು ಕೆಳಗೆ ಹಾಕಿದ. ಶೇಕ್‌ದಾರರಿಗೇ ಕೇಳಿಸದ್ದು ಅವನಿಗೆ ಹೇಗೆ ಕೇಳಿಸೀತು?

ಇನ್ನೊಂದು ದಿನದ ಸಂಗತಿಯನ್ನು ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಬಿಟ್ಟರೆ ಅದೂ ಹೇಡಿತನವೇ.

ಮಾರನೆಯ ವರ್ಷ ಮಳೆಗೆ ಮುಂಚೆ, ಒಂದು ಬೆಳಿಗ್ಗೆ ನಾನು ತಟ್ಟು ಏರಿ ಹೋಗುತ್ತಿದ್ದಾಗ ಅವರು ಎದುರಾದರು. ಹೆಗಲ ಮೇಲೆ ಅಡ್ಡೆ, ಅಡ್ಡೆಯ ಎರಡು ತುದಿಗೆ ಎರಡು ಮಡಕೆ. ಹಿಂದೆ ಸೊಸೆ, ಅವಳ ತಲೆಯ ಮೇಲೆ ಒಂದು, ಕಂಕುಳಲ್ಲಿ ಒಂದು. ಮಡಕೆಗಳ ಬಾಯಿಗೆ ಒದ್ದೆ ಬಟ್ಟೆ. ಹಗರಿಯ ಗುಂಡಿಯಿಂದ ಹಿಡಿದ ಗೆಂಡೆಮೀನುಗಳನ್ನು ನಾಲ್ಕು ಹರದಾರಿ ದೂರ, ದಾರಿಯ ಬಾವಿಗಳಲ್ಲಿ ನೀರು ಬದಲಿಸುತ್ತಾ ಹೊತ್ತು ತರುತ್ತಿದ್ದರು. ನನ್ನನ್ನು ಕಂಡು ಅಡ್ಡೆ ಇಳಿಸಿದರು.

“ಸ್ವಾಮಿ, ಕೆರೆಯಿಂದ ಹಿಡೀಬಾರ್ದು ಅಂತ ಹುಕುಂ ಐತೆ. ಕೆರೆಗೆ ಬಿಡಾಕೂ ಅಪ್ಪಣೆ ಬೇಕಾ?”

ಅದರಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೇ ಕೇಳಿದರು. ಬಿಡಿ, ಇದೊಂದು ಕೇಳಬೇಕಾ ಅಂದಿದ್ದರೆ ಸಾಕಿತ್ತು. ಜವಾನ ಪಕ್ಕದಲ್ಲಿದ್ದ. ನನ್ನ ಬಾಯಿಗೆ ಕಚೇರಿಯ ಮಾತೇ ರೂಢಿಯಾಗಿತ್ತು.

“ಚಾವಡಿಗೆ ಬಾ. ಅರ್ಜಿ ಕೊಡು, ನೋಡೋಣ” ಅಂದೆ.

ಬಂದರು. ಶಾನುಭೋಗರು ರಾಂಪುರಕ್ಕೆ ಹೋಗಿದ್ದರು, ಅರ್ಜಿ ಬರೆಯುವವರಿರಲಿಲ್ಲ. ನನ್ನ ಕೈಗೆ ಬರೆಯಲು ಬರುತ್ತಿತ್ತು, ಆ ಮಾತು ಬೇರೆ. ಅವರು ಚಾವಡಿಯ ನೆರಳಿನಲ್ಲಿ ಮಡಕೆಗಳನ್ನಿಟ್ಟು, ಕೈಯಿಂದ ನೀರು ಎತ್ತೆತ್ತಿ ಹೊಯ್ಯುತ್ತಾ ಕೂತರು. ಸೊಸೆ ಬಾವಿಗೂ ಚಾವಡಿಗೂ ಓಡಾಡಿದಳು. ಬಿಸಿಲು ಏರಿದ ಹಾಗೆ ಒಂದೊಂದೇ ಮೀನು ಹೊಟ್ಟೆ ಮೇಲು ಮಾಡುತ್ತಿತ್ತು. ಅವರು ಅದನ್ನು ತೆಗೆದು ಪಕ್ಕದಲ್ಲಿ ಸಾಲಾಗಿ ಇಡುತ್ತಿದ್ದರು. ನಾನು ಒಳಗೆ ಕೂತು ಯಾವುದೋ ಕಡತದ ಒಂದೇ ಹಾಳೆಯನ್ನು ಓದುತ್ತಿದ್ದೆ. ಮಧ್ಯಾಹ್ನವಾದ ಮೇಲೆ ಹೊರಗೆ ಬಂದು, “ಹೋಗು, ಬಿಟ್ಟುಕೋ ಹೋಗು” ಅಂದೆ. ಅಷ್ಟರಲ್ಲಿ ಒಂದು ಮಡಕೆಯಲ್ಲಿ ಮಾತ್ರ ಜೀವವಿತ್ತು. ಅದನ್ನು ಎದೆಗೆ ಒತ್ತಿ ಹಿಡಿದುಕೊಂಡು ಕೆರೆಯ ಕಡೆ ಹೋದರು. ಆಮೇಲೆ ಎಷ್ಟು ಸಲ ಹಗರಿಗೆ ಹೋಗಿ ಬಂದರೋ ನನಗೆ ತಿಳಿಯದು. ಮತ್ತೆ ಅಪ್ಪಣೆ ಕೇಳಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಕೆರೆಯಲ್ಲಿ ಮೀನು ಕಾಣಿಸಿತು. ಮುದುಕನ ಸಿಟ್ಟು ಇಳಿದಿದೆ, ಶಾಪ ತಗ್ಗಿದೆ ಎಂದರು ಊರಿನವರು. ಜನರಿಗೆ ಅವರ ಮೇಲಿದ್ದ ದ್ವೇಷ ಭಯವಾಗಿ ತಿರುಗಿತು. ದೂರದಿಂದ ಕೈಮುಗಿದು ಹೋಗುವರು, ಹತ್ತಿರ ಕೂರುವವರಿಲ್ಲ. ಬೇವಿನ ಮರದ ಕೆಳಗೆ ಈಗ ಅವರ ಮಗ ಕೂತು ಮೂರು ಬೆರಳು ತೂರಿಸುತ್ತಿದ್ದ. ನನಗೆ ಬೇರೆ ಹೋಬಳಿಗೆ ವರ್ಗವಾಯಿತು. ಕಳಿಸಿಕೊಡಲು ಚಾವಡಿಯಲ್ಲಿ ಸೇರಿದ ಜನರ ಹಿಂದೆ ಅವರೂ ಒಂದು ಕಂಬಕ್ಕೆ ಒರಗಿ ನಿಂತಿದ್ದರು. ಅವರ ಸುತ್ತ ಎರಡು ಮಾರು ಜಾಗ ಖಾಲಿ. ಮಾತಾಡಲು ಎದ್ದವನು ಇವತ್ತಾದರೂ ಹೇಳಿಬಿಡಬೇಕು ಅಂದುಕೊಂಡೆ. ಊರಿನವರ ಪ್ರೀತಿ ದೊಡ್ಡದು ಅಂದೆ, ಮಜ್ಜಿಗೆ ಕುಡಿದು ಗಾಡಿ ಹತ್ತಿದೆ.

ತೀರಿಕೊಂಡ ಸುದ್ದಿ ಬಂದ ನಾಲ್ಕನೆಯ ದಿನ ನಾನು ಗಾಡಿ ಮಾಡಿಕೊಂಡು ಅಲ್ಲಿಗೆ ಹೋದೆ. ಮಗನಿಗೂ ಈಗ ತಲೆ ನರೆತಿದೆ. ಜಗುಲಿಯ ಮೇಲೆ ಚಾಪೆ ಹಾಕಿ ಕೂರಿಸಿದ. ಹೆಣ ಹೊರಲು ಊರಿನವರು ಬಂದರೇ ಎಂದು ಕೇಳಿದೆ.

“ಏರಿ ಮ್ಯಾಲೆ ನಿಂತಿದ್ರು ಸ್ವಾಮಿ. ಹತ್ರ ಬರಾಕೆ ಅಂಜಿಕೆ. ಹೆಗಲು ಕೊಡಾಕೆ ನಾಕು ಜನ ಸಾಕಲ್ರಿ, ಮನ್ಯಾಗೇ ಇದ್ವಿ.”

ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ನಿನ್ನಪ್ಪ ಶಾಪ ಹಾಕಲಿಲ್ಲ, ತಪ್ಪಾತು ತಲ್ಲೀ ಅಂದರು, ನಾನು ಕಿವಿಯಾರೆ ಕೇಳಿದೆ, ಕೇಳಿಸಲಿಲ್ಲವೆಂದು ಸುಳ್ಳು ಹೇಳಿದೆ. ಈಗಲೇ ಪಟೇಲರನ್ನು ಕರೆಸು, ಊರನ್ನು ಸೇರಿಸು, ಎಲ್ಲರ ಎದುರಿಗೆ ಹೇಳುತ್ತೇನೆ. ಇಷ್ಟು ವರ್ಷಕ್ಕೆ ಎದೆ ಒಂದಿಷ್ಟು ಹಗುರವಾದ ಹಾಗಾಯಿತು.

ಅವನು ಅವಸರವಾಗಿ ಎದ್ದು ಬಾಗಿಲ ಕಡೆ ನೋಡಿದ, ಯಾರಾದರೂ ಕೇಳಿಸಿಕೊಂಡರೇನೋ ಎಂದು. ಆಮೇಲೆ ನನ್ನ ಪಕ್ಕಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತ.

“ನಮಗೆ ಗೊತ್ತು ಸ್ವಾಮಿ. ನಮ್ಮಪ್ಪ ಹೇಳಿದ್ದ. ಅವನ ಮೊಮ್ಮಗಳ ಮದುವೇಲಿ ಎಲೆ ಎಲ್ಲ ಹಂಗೇ ಬಿದ್ದಿದ್ವಲ್ಲ, ಅವತ್ತು ನಾನೂ ಊರಿಗೆ ಹೇಳಿಬಿಡ್ತೀನಿ ಅಂತ ಎದ್ದೆ. ಕೈ ಹಿಡಿದು ಕೂರಿಸಿದ. ‘ಲೇ, ನನ್ನ ಮೂರು ಬೆರಳಿಗೆ ಶೇಕ್‌ದಾರ್ರು ಅಂಜಲಿಲ್ಲ. ನಾಳೆ ಬರೋರೂ ಅಂಜಲ್ಲ. ಶಾಪ ಅಂದ್ರೆ ಎಲ್ರೂ ಅಂಜ್ತಾರೆ. ನನ್ನ ಮ್ಯಾಲೆ ಆ ಮಾತು ಇರೋವರೆಗೂ ತಲ್ಲಿಮಡುವಿಗೆ ಯಾರೂ ಬಲೆ ಹಾಕಲ್ಲ, ಇರ್ಲಿ ಬಿಡು’ ಅಂದ. ಸಾಯೋವರೆಗೂ ಬಾಯಿ ಬಿಡಲಿಲ್ಲ. ನಿಮ್ಮ ಆಮೇಲೆ ಇಬ್ಬರು ಶೇಕ್‌ದಾರ್ರು ಬಂದು ಮೀನು ಕೇಳಿದ್ರು. ಊರಿನೋರೇ ಅಡ್ಡ ನಿಂತು, ಅಲ್ಲಿ ಬ್ಯಾಡ್ರಿ ಸ್ವಾಮಿ, ಶಾಪ ಐತೆ ಅಂತ ಕಳಿಸಿದ್ರು.”

ಅವನು ನನ್ನ ಕಾಲಿಗೆ ಕೈ ಚಾಚಿದ.

“ನೀವು ಇವತ್ತು ಚಾವಡಿಯಾಗೆ ಹೇಳಿದ್ರೆ ಬರೋ ಬ್ಯಾಸಿಗೆಗೆ ಮಡು ಖಾಲಿ. ದೊಡ್ಡ ಮನಸ್ಸು ಮಾಡ್ರಿ ಸ್ವಾಮಿ. ಯಾರ ಹತ್ರಾನೂ ಹೇಳಬ್ಯಾಡ್ರಿ. ಇಷ್ಟು ದಿನ ಹೆಂಗೆ ಸುಮ್ಮನಿದ್ರೋ ಹಂಗೇ ಇದ್ದುಬಿಡ್ರಿ.”

ಮೂವತ್ತು ವರ್ಷ ನಾನು ಹೇಡಿತನದಿಂದ ಮಾಡಿಕೊಂಡು ಬಂದದ್ದನ್ನು ಅವನು ಉಪಕಾರವೆಂದು ಕಾಲು ಹಿಡಿದು ಬೇಡುತ್ತಿದ್ದ.

ಆಗಲಿ ಅಂದೆ.